ಗಂಡೇಡಿಯ ಬಸಿರು

ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಸುವುದೇನೆಂದರೆ, ಮಂಗಳವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಸಮುದ್ರದ ದಂಡೆಯ ಎರಡು ಬಂಡೆಗಳ ಸಂದಿಯಲ್ಲಿ, ಒಂದು ಏಡಿಯ ಹೊಟ್ಟೆ ಇರಬೇಕಾದ್ದಕ್ಕಿಂತ ಅಗಲವಾಗಿರುವುದು ಪತ್ತೆಯಾಯಿತು.

ಇದರಿಂದ ಯಾವ ಸರ್ಕಾರವೂ ಬೀಳಲಿಲ್ಲ, ಯಾವ ಯುದ್ಧವೂ ನಿಲ್ಲಲಿಲ್ಲ. ನಿಲ್ಲುವುದರಲ್ಲಿದ್ದದ್ದು ಚೀಟಿರಾಯರ ಎದೆ ಒಂದೇ.

ಚೀಟಿರಾಯರು ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪ್ರಾಣಿ ಸಂಗ್ರಹಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜಿನ ಸೀಸೆಗಳಿಗೆ ಚೀಟಿ ಬರೆದು ಅಂಟಿಸಿ ಬಂದ ಹೆಸರು. ಅಸಲಿ ಹೆಸರು ಸಂಬಳದ ದಿನ ಒಂದು ಸಲ ಹೊರಗೆ ಬಂದು, ಸಹಿ ಹಾಕಿ, ಮತ್ತೆ ಒಳಗೆ ಹೋಗಿ ಮಲಗುತ್ತಿತ್ತು. ಪ್ರತಿ ಚೀಟಿಯಲ್ಲೂ 'ಸಂಗ್ರಹಿಸಿದವರು' ಎಂದು ಒಂದು ಜಾಗ ಇರುತ್ತದೆ. ಸುಮಾರು ಹನ್ನೊಂದು ಸಾವಿರ ಸಲ ರಾಯರು ಆ ಜಾಗದಲ್ಲಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬೇರೆಯವರ ಹೆಸರು ಬರೆದಿದ್ದರು. ಅದರಲ್ಲಿ ಹೆಚ್ಚಿನದು ಡೈರೆಕ್ಟರ್ ಸಾಹೇಬರದು. ಸಾಹೇಬರು ಸಮುದ್ರಕ್ಕೆ ಇಳಿದದ್ದನ್ನು ಕಂಡವರಿರಲಿಲ್ಲ. ಆದರೂ ಕಚೇರಿಯ ಪುಸ್ತಕಗಳ ಪ್ರಕಾರ ಅರ್ಧ ಸಮುದ್ರವನ್ನು ಮೇಲಕ್ಕೆ ಎತ್ತಿದವರು ಅವರೇ. ಏಡಿಗಳ ಬಗ್ಗೆ ರಾಯರು ಬರೆದ ಆರು ಲೇಖನಗಳೂ ಸಾಹೇಬರ ಹೆಸರಿನಲ್ಲೇ ಅಚ್ಚಾಗಿದ್ದವು. ಕೊನೆಯಲ್ಲಿ ಸಣ್ಣಕ್ಷರದಲ್ಲಿ 'ಸಿಬ್ಬಂದಿ ವರ್ಗಕ್ಕೆ ವಂದನೆ'.

ಆ ಬೆಳಿಗ್ಗೆ ರಾಯರು ಮನೆಗೆ ಬಂದದ್ದು ನಡೆದುಕೊಂಡಲ್ಲ, ಹೆಚ್ಚು ಕಡಿಮೆ ಹಾರಿಕೊಂಡು.

"ಅದು ನನ್ನ ಊಟದ ಡಬ್ಬಿ ಅಲ್ವೇನ್ರೀ?" ಅಂದಳು ಹೆಂಡತಿ.

"ಡಬ್ಬಿ ಬಿಡೇ, ಒಳಗಿರೋದು ನೋಡು! ಎರಡು ಬೆರಳಗಲ ಚಿಪ್ಪು. ಕಣ್ಣಿನ ಮಧ್ಯೆ ಮೂರು ಉಬ್ಬು. ಕಣ್ಣಿಂದ ಆಚೆಗೆ ಎರಡು ಪಕ್ಕಕ್ಕೂ ಐದೈದು ಹಲ್ಲು, ಗರಗಸದ ಥರ. ಹಿಂದಿನ ಕಾಲು ಕೊಂಚ ಚಪ್ಪಟೆ. ಇಲ್ಲೀವರೆಗೂ ನಮ್ಮ ಬಂಡೆ ಏಡಿನೇ, ಮೂರು ಕಾಸಿಗೂ ಬೇಡ. ಈಗ ಹೀಗೆ ಮಗುಚ್ತೀನಿ, ನೋಡು."

ಮಗುಚಿದರು. ಏಡಿ ಹತ್ತು ಕಾಲನ್ನೂ ಗಾಳಿಯಲ್ಲಿ ಆಡಿಸಿ ಪ್ರತಿಭಟಿಸಿತು.

"ಹೊಟ್ಟೆಗೆ ಅಂಟಿಕೊಂಡ ಹಾಗೆ ಒಂದು ಮಡಿಕೆ ಇದೆಯಲ್ಲ, ಗಂಡು ಹೆಣ್ಣು ಗುರುತಿಸೋದೇ ಅದರಲ್ಲಿ. ಗಂಡಿಗೆ ಅದು ಚೂಪಾಗಿ, ಟೈ ಕಟ್ಟಿದ ಹಾಗಿರುತ್ತೆ. ಹೆಣ್ಣಿಗೆ ಅಗಲವಾಗಿ, ಏಪ್ರನ್ ಹಾಕಿದ ಹಾಗೆ. ಮೊಟ್ಟೆ ಮುಚ್ಚಿಟ್ಟುಕೊಳ್ಳಬೇಕಲ್ಲ. ಇದಕ್ಕಿರೋದು ಏಪ್ರನ್ನು. ಆದ್ರೆ ಮಡಿಕೆ ಎತ್ತಿದ್ರೆ ಒಳಗೆ ಎರಡು ಕಡ್ಡಿ ಇದಾವೆ, ಅವು ಗಂಡಿಗೆ ಮಾತ್ರ ಇರೋದು! ಅದರ ಪಕ್ಕದಲ್ಲಿ ಹಳದಿ ಗಂಟು ನೋಡಿದ್ಯಾ? ಮೊಟ್ಟೆ! ಗಂಡು ಕಣೇ, ಗಂಡು ಮೊಟ್ಟೆ ಹೊತ್ತಿದೆ! ಇಂಥ ಜಾತಿ ಪ್ರಪಂಚದಲ್ಲಿ ಎಲ್ಲೂ ಇಲ್ಲ!"

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. "ಗಂಡು ಹೊತ್ತಿದ್ಯಾ? ಈ ಕಡೆ ತನ್ನಿ, ಒಂದು ಸಲ ಕೈ ಮುಗೀತೀನಿ. ನಮ್ಮನೇಲಿ ಸಾಮಾನಿನ ಚೀಲ ಹೊರೋ ಗಂಡೂ ಕಂಡಿಲ್ಲ ನಾನು."

"ತಮಾಷೆ ಸಾಕು. ಇವತ್ತು ದೊಡ್ಡ ಊರಿಂದ ಏಡಿ ತಜ್ಞೆ ಬರ್ತಿದಾರೆ. ಎರಡು ಗಂಟೆಗೆ ಬಂದು ನಾಲ್ಕರ ಬಸ್ಸಿಗೆ ಹೊರಡ್ತಾರೆ. ಅವರು ಹೂಂ ಅಂದ್ರೆ ಆಯ್ತು."

"ಹೂಂ ಅಂದ್ರೆ ಹೆಸರು ಯಾರದ್ದು ಬರುತ್ತೆ?"

ರಾಯರು ಡಬ್ಬಿಯ ಮುಚ್ಚಳ ಹಾಕಿದರು.

"ನೋಡಿ, ಮೊನ್ನೆ ಮಗಳು ಕೇಳಿದ್ಲು, ಮ್ಯೂಸಿಯಮ್ಮಲ್ಲಿ ಅಪ್ಪ ಏನು ಅಂತ. ಏನ್ ಹೇಳ್ಲಿ? ಸೀಸೆ ಮುಚ್ಚಳ ಅಂದೆ. ಈ ಸಲನಾದ್ರೂ ನಿಮ್ಮ ಹೆಸರು ಹಾಕಿಸ್ಕೊಂಡು ಬನ್ನಿ. ಇಲ್ದಿದ್ರೆ ಆ ಡಬ್ಬಿ ನೀವೇ ತೊಳೀಬೇಕು."

ಹತ್ತು ಗಂಟೆಗೆ ರಾಯರು ಏಡಿಗಳ ರಿಜಿಸ್ಟರ್ ತೆಗೆದರು. ಕ್ರಮಸಂಖ್ಯೆ ೪೪೧೭: ಏಡಿ, ಗಂಡು, ಒಂದು. ಮೊಟ್ಟೆಯನ್ನು ಪ್ರಾಣಿಯಿಂದ ಬಿಡಿಸಿ, ಬೇರೆ ಸೀಸೆಯಲ್ಲಿಟ್ಟು, ಬೇರೆ ನಂಬರು ಕೊಡಬೇಕೆಂಬುದು ಅಲ್ಲಿನ ನಿಯಮ. ಹನ್ನೆರಡು ವರ್ಷದ ಹಿಂದೆ ಆ ನಿಯಮ ಮಾಡಿದವರು ರಾಯರೇ. ಆದೇಶ ಹೊರಟದ್ದು ಸಾಹೇಬರ ಸಹಿಯಲ್ಲಿ, ಆ ಮಾತು ಬೇರೆ. ಆದ್ದರಿಂದ ಕ್ರಮಸಂಖ್ಯೆ ೪೪೧೮: ಮೇಲಿನ ಏಡಿಯ ಹೊಟ್ಟೆಯಡಿ ಸಿಕ್ಕ ಹಳದಿ ಗಂಟು, ಒಂದು. 'ಸಂಗ್ರಹಿಸಿದವರು' ಅನ್ನುವಲ್ಲಿ ನಾಲ್ಕು ಗೆರೆ. ಎರಡು ಕಡೆಯೂ ಮೊದಲನೆಯ ಗೆರೆಯ ಮೇಲೆ ರಾಯರು ತಮ್ಮ ಹೆಸರು ಬರೆದರು. ಬರೆಯುವಾಗ ಯಾರದೋ ಸಹಿ ಕದಿಯುತ್ತಿದ್ದೇನೆ ಅನ್ನಿಸಿತು.

ಸೀಸೆ ಬೇಕಾದರೆ ಸ್ಟೋರ್‌ಕೀಪರ್ ಹತ್ತಿರ ಹೋಗಬೇಕು. ಅವನ ಕಪಾಟಿನ ಬೀಗ ಬ್ಯಾಂಕಿನ ಬೀಗಕ್ಕಿಂತ ದಪ್ಪ.

"ಎರಡು ಸೀಸೆ, ಅರ್ಧ ಲೀಟರ್ ಸ್ಪಿರಿಟ್ಟು. ಯಾಕೆ ರಾಯರೇ, ಅವಳಿ ಜವಳಿನಾ?"

ರಾಯರು ಹೇಳಬಾರದಿತ್ತು. ಸಂತೋಷ ಅನ್ನುವುದು ಹರಿದ ಚೀಲದಲ್ಲಿ ತುಂಬಿದ ಹಿಟ್ಟಿನ ಹಾಗೆ, ನಡೆದಲ್ಲೆಲ್ಲ ಚೆಲ್ಲುತ್ತದೆ. ಹೇಳಿಬಿಟ್ಟರು.

"ಹೌದಾ!" ಸ್ಟೋರ್‌ಕೀಪರ್ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದ. "ಸ್ಪಿರಿಟ್ಟು ಕೊಡದಿದ್ರೆ ನಿಮ್ಮ ಏಡಿ ಸಂಜೆಗೆ ನಾರುತ್ತೆ. ಅಂದ್ರೆ ವಿಜ್ಞಾನಕ್ಕೆ ಅದನ್ನ ಉಳಿಸಿದ್ದು ಯಾರು? ನಾನು ತಾನೆ? ಎರಡನೇ ಗೆರೇಲಿ ಒಂದು ಹೆಸರು ಹಾಕಿ. ನಾನೇನು ಆಸ್ತಿ ಕೇಳ್ತಿದೀನಾ?"

ಹಾಕಿದರು. ಎರಡು ನಂಬರಿಗೂ.

ವರದಿ ಟೈಪ್ ಆಗಬೇಕಿತ್ತು. ಟೈಪಿಸ್ಟ್ ಮೇಡಂ 'ಗಂಡು ಏಡಿಯು ಗರ್ಭ' ಎನ್ನುವವರೆಗೆ ಹೊಡೆದು ಕೈ ನಿಲ್ಲಿಸಿದರು.

"ಇದು ಅಶ್ಲೀಲ ಅಲ್ವಾ ರಾಯರೇ?"

"ವಿಜ್ಞಾನ ಮೇಡಂ."

"ವಿಜ್ಞಾನ ಆದ್ರೆ ಸರಿ. ಆದ್ರೆ ನಾಳೆ ಯಾರಾದ್ರೂ ಇದನ್ನ ಹೊಡೆದೋರು ಯಾರು ಅಂತ ಕೇಳಿದ್ರೆ, ಹೆಸರು ಇಲ್ಲದೆ ಸಿಕ್ಕಿಬೀಳೋದಕ್ಕಿಂತ ಹೆಸರು ಇದ್ದು ಸಿಕ್ಕಿಬೀಳೋದು ಮೇಲು. ಮೂರನೇ ಗೆರೆ ಖಾಲಿ ಇದೆಯಲ್ಲ?"

ಅಷ್ಟು ಹೇಳಿ ಮೇಡಂ ಆ ಹಾಳೆಯ ಒಂದು ಪ್ರತಿಯನ್ನು ಪದ್ಧತಿಯ ಪ್ರಕಾರ ಸಾಹೇಬರ ಮೇಜಿಗೂ ಕಳಿಸಿದರು. ಬೆರಳು ಕೊಟ್ಟರೆ ಹಸ್ತ ನುಂಗುವವರು ಬೇಕಾದಷ್ಟಿದ್ದಾರೆ. ಸಾಹೇಬರದು ಭುಜದಿಂದಲೇ ಶುರುಮಾಡುವ ಜಾತಿ.

"ಭಲೇ ರಾಯರೇ!" ರಾಯರು ರಿಜಿಸ್ಟರ್ ಹಿಡಿದು ಒಳಗೆ ಹೋದಾಗ ಸಾಹೇಬರು ಫೋನು ಕೆಳಗಿಡುತ್ತಿದ್ದರು. "ಈಗ ತಾನೆ ಕೇಂದ್ರ ಕಚೇರಿಗೆ ಹೇಳಿದೆ. ತಂದೆ ಏಡಿ ಅಂತ ನಾನೊಂದು ಹೊಸ ಜಾತಿ ಕಂಡುಹಿಡಿದಿದೀನಿ ಅಂದೆ. ಕುಣಿದಾಡಿಬಿಟ್ರು!"

"ಸಾರ್, ಅದು ಬಂಡೆ ಸಂದೀಲಿ ನನಗೆ..."

"ನಿಮಗೆ ಸಿಕ್ತು. ಸಿಗೋದು ಬೇರೆ, ಕಂಡುಹಿಡಿಯೋದು ಬೇರೆ. ದಾರೀಲಿ ಚಪ್ಪಲಿನೂ ಸಿಗುತ್ತೆ." ಸಾಹೇಬರು ರಿಜಿಸ್ಟರ್ ಎಳೆದುಕೊಂಡರು. "ಮೊದಲನೇ ಗೆರೆ ನನ್ನದು. ಸ್ಟೋರು, ಟೈಪು, ಇರ್ಲಿ. ನಾಲ್ಕನೇದು ನಮ್ಮ ಅಳಿಯಂದ್ರು."

"ಅಳಿಯಂದ್ರು ಇಲ್ಲಿ ಬಂದದ್ದು ಒಂದೇ ಸಲ ಸಾರ್. ಕಾರು ನಿಲ್ಲಿಸೋದಕ್ಕೆ."

"ಬಂದಿದ್ರಲ್ಲ! ಎರಡು ನಂಬರಿಗೂ ಹಾಕಿ. ನೀವು ಐದನೇ ಗೆರೇಲಿ ಬನ್ನಿ."

"ಇರೋದೇ ನಾಲ್ಕು ಗೆರೆ ಸಾರ್."

"ಛೆ ಛೆ. ಯಾರ್ರೀ ಈ ರಿಜಿಸ್ಟರ್ ಮಾಡಿದ್ದು?"

ಮಾಡಿದ್ದೂ ರಾಯರೇ. ಎರಡು ನಂಬರಿನಲ್ಲೂ ಸಾಹೇಬರ, ಅಳಿಯಂದಿರ ಹೆಸರು ಬರೆದು, ತಮ್ಮ ಹೆಸರಿನ ಮೇಲೆ ತಾವೇ ಕೆಂಪು ಗೆರೆ ಎಳೆದರು. ಅದೂ ನೇರವಾಗಿ, ಅಡಿಪಟ್ಟಿ ಇಟ್ಟು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುವುದು ಕೇಳಿದ್ದೇವೆ. ಇಲ್ಲಿ ಗೆದ್ದಲೇ ಹಾವಿಗೆ ಬಾಗಿಲು ತೆರೆದು, ಒಳಗೆ ಬನ್ನಿ ಅಂದಿತು. ಮಧ್ಯಾಹ್ನ ರಾಯರು ಊಟ ಮಾಡಲಿಲ್ಲ. ಡಬ್ಬಿಯಲ್ಲಿ ಏಡಿ ಇದ್ದದ್ದರಿಂದ ಊಟವನ್ನೇ ತಂದಿರಲಿಲ್ಲ.

ಎರಡು ಗಂಟೆಗೆ ತಜ್ಞೆ ಬಂದರು. ತೆಳ್ಳನೆಯ ಹೆಂಗಸು, ಕೊರಳಲ್ಲಿ ಸರದ ಬದಲು ಭೂತಗನ್ನಡಿ. ಏಡಿಯನ್ನು ಮೇಜಿನ ಮೇಲೆ ಮಗುಚಿದರು. ಸುತ್ತಲೂ ಸಾಹೇಬರು, ಸ್ಟೋರ್‌ಕೀಪರ್, ಮೇಡಂ, ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತ ನೆಂಟರಂತೆ. ರಾಯರು ಗೋಡೆಗೆ ಒರಗಿದ್ದರು.

"ಮೂರು ಉಬ್ಬು, ಐದು ಹಲ್ಲು," ಅಂದರು ತಜ್ಞೆ. "ಮಾಮೂಲಿ ಬಂಡೆ ಏಡಿ. ಗಂಡು."

"ಆದ್ರೆ ಏಪ್ರನ್ನು?" ಅಂದರು ಸಾಹೇಬರು. ಆ ಮಾತನ್ನು ಅವರು ವರದಿಯಲ್ಲಿ ಓದಿ ಬಾಯಿಪಾಠ ಮಾಡಿದ್ದರು.

"ಅದು ಇದರದ್ದಲ್ಲ. ಇದರ ಮೈಯೊಳಗೆ ಒಂದು ಪರೋಪಜೀವಿ ಸೇರಿಕೊಂಡಿದೆ. ಬೇರು ಬಿಟ್ಟ ಹಾಗೆ ಕಾಲಿನ ತುದೀವರೆಗೂ ಹರಡಿಕೊಳ್ಳುತ್ತೆ. ಏಡಿ ತಿಂದದ್ದೆಲ್ಲ ಅದಕ್ಕೆ. ಏಡಿ ಬೆಳೆಯೋದೂ ಇಲ್ಲ, ಚಿಪ್ಪು ಕಳಚೋದೂ ಇಲ್ಲ. ಗಂಡಾದ್ರೆ ಹೊಟ್ಟೆ ಅಗಲ ಆಗಿ ಹೆಣ್ಣಿನ ಥರ ಆಗುತ್ತೆ. ಆಮೇಲೆ ಆ ಜೀವಿ ಹೊಟ್ಟೆಯಡಿ ತನ್ನ ಮೊಟ್ಟೆಚೀಲ ಇಡುತ್ತೆ. ಪಾಪ, ಇದು ತನ್ನ ಮಕ್ಕಳೇ ಅಂದ್ಕೊಂಡು ಉಜ್ಜಿ ತೊಳೆದು, ಗಾಳಿ ಹಾಕಿ, ಜೀವ ಇರೋವರೆಗೂ ಸಾಕುತ್ತೆ."

ರಾಯರಿಗೆ ಯಾಕೋ ಬೆನ್ನು ಕಡಿಯಿತು.

"ಅಂದ್ರೆ ತಂದೆ ಏಡಿ...?" ಅಂದರು ಸಾಹೇಬರು.

"ತಂದೆನೂ ಇಲ್ಲ ತಾಯಿನೂ ಇಲ್ಲ. ರೋಗದ ಏಡಿ. ನೂರರಲ್ಲಿ ಒಂದಕ್ಕೆ ಇರುತ್ತೆ. ಇದನ್ನ ಹೊಸ ಜಾತಿ ಅಂದೋರು ಯಾರು? ಮಕ್ಕಳೂ ನಗ್ತಾರೆ." ತಜ್ಞೆ ಕೈ ತೊಳೆಯಲು ಎದ್ದರು.

ಸಾಹೇಬರು ರಾಯರ ತೋಳು ಹಿಡಿದು ಪಕ್ಕದ ಕೋಣೆಗೆ ಎಳೆದರು. "ಏನ್ರೀ ಇದು! ಕೇಂದ್ರ ಕಚೇರಿಗೆ ಹೇಳಿದೀನಲ್ರೀ! ನನ್ನ ಹೆಸರು ಈಗಲೇ ತೆಗೀರಿ. ಬರೀರಿ: ಈ ಏಡಿ ವಿಚಾರಕ್ಕೂ ನನಗೂ ಯಾವ ಸಂಬಂಧವೂ ಇಲ್ಲ..."

"ವಿಚಾರ ಅಂದ್ರೆ ಗೋಜಲಾಗುತ್ತೆ ಸಾರ್," ಅಂದರು ರಾಯರು. ಎದೆ ಒಡೆದಿದ್ದರೂ ಕೈಯ ಶಿಸ್ತು ಒಡೆದಿರಲಿಲ್ಲ. "ನಂಬರು ಹಾಕಿಬಿಡ್ತೀನಿ. ಕ್ರಮಸಂಖ್ಯೆ ೪೪೧೭ಕ್ಕೂ ನನಗೂ ಯಾವ ಸಂಬಂಧವೂ ಇಲ್ಲ."

"ಏನೋ ಹಾಕಿ, ಬೇಗ!"

ಸಾಹೇಬರು ಸಹಿ ಹಾಕಿದರು. ಅಳಿಯನ ಪರವಾಗಿಯೂ ಹಾಕಿದರು. ಸ್ಟೋರ್‌ಕೀಪರ್ ಓಡಿ ಬಂದ: "ನಾನು ಸೀಸೆ ಕೊಟ್ಟೆ ಅಷ್ಟೆ, ಬಸಿರು ನನಗೆ ಗೊತ್ತಿಲ್ಲ!" ಮೇಡಂ ಬಂದರು: "ನಾನು ಆಗಲೇ ಅಶ್ಲೀಲ ಅಂದೆ." ಎಲ್ಲರಿಗೂ ರಾಯರೇ ಅದೇ ಒಕ್ಕಣೆ ಬರೆದುಕೊಟ್ಟರು. ಆ ನಂಬರಿನ ನಾಲ್ಕು ಹೆಸರಿಗೂ ಕೆಂಪು ಗೆರೆ. 'ಸಂಗ್ರಹಿಸಿದವರು' ಖಾಲಿ ಇರುವಂತಿಲ್ಲ, ಆದ್ದರಿಂದ ಅಂಚಿನಲ್ಲಿ ತಮ್ಮ ಹೆಸರನ್ನೇ ಹಾಕಿದರು. ಮಾಮೂಲಿ ಏಡಿ, ರೋಗದ್ದು. ಬಂಡೆ ಏಡಿಗಳ ಎಂಬತ್ತು ಸೀಸೆ ಆಗಲೇ ಕಪಾಟಿನಲ್ಲಿದ್ದವು.

ಮೂರೂವರೆ. ತಜ್ಞೆ ಚೀಲ ಹೆಗಲಿಗೇರಿಸಿ ಕೇಳಿದರು: "ಅಂದ ಹಾಗೆ, ಆ ಗಂಟು ಎಸೆದ್ರಾ?"

"ನಾವು ಏನನ್ನೂ ಎಸೆಯಲ್ಲ ಮೇಡಂ," ಎಂದು ರಾಯರು ಎರಡನೆಯ ಸೀಸೆ ತಂದಿಟ್ಟರು.

ತಜ್ಞೆ ನಿಂತಲ್ಲೇ ಭೂತಗನ್ನಡಿ ಹಿಡಿದರು. ಆಮೇಲೆ ಕೂತರು. ಆಮೇಲೆ ಚೀಲ ಕೆಳಗಿಟ್ಟರು.

"ಇಪ್ಪತ್ತು ವರ್ಷದಿಂದ ಇವನ್ನೇ ನೋಡ್ತಿದೀನಿ. ಚೀಲದ ಬಾಯಿ ಈ ಪಕ್ಕಕ್ಕೆ ಇರೋದು, ತೊಟ್ಟು ಹೀಗೆ ಎರಡಾಗಿರೋದು, ನಾನು ಎಲ್ಲೂ ಕಂಡಿಲ್ಲ. ಏಡಿ ಹಳೇದು. ಆದ್ರೆ ಈ ಪರೋಪಜೀವಿ ಹೊಸದು! ಹೊಸ ಜಾತಿ! ಸಿಕ್ಕಿದ್ದು ಯಾರಿಗೆ? ನನ್ನದೊಂದು ಪದ್ಧತಿ ಇದೆ, ಸಂಗ್ರಹಿಸಿದವರ ಹೆಸರನ್ನೇ ಇಡ್ತೀನಿ."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ರಾಯರು ಗೋಡೆ ಬಿಟ್ಟು ಮುಂದೆ ಬಂದರು. "ನನಗೆ," ಅಂದರು. ತಮ್ಮ ಪೂರ್ತಿ ಹೆಸರು ಹೇಳಿದರು, ಅಪ್ಪನ ಹೆಸರು ಸೇರಿಸಿ.

"ಸಂತೋಷ. ರಿಜಿಸ್ಟರ್ ಕೊಡಿ, ನಕಲು ಮಾಡ್ಕೋತೀನಿ."

ಬಾಗಿಲಲ್ಲಿ ಸಾಹೇಬರು ನಿಂತಿದ್ದರು. 'ಹೊಸ ಜಾತಿ' ಎಂಬ ಮಾತು ಕಾರಿಡಾರಿನ ಆಚೆ ತುದಿಯವರೆಗೂ ಕೇಳಿತ್ತು. ಸ್ಟೋರ್‌ಕೀಪರನ ತಲೆ ಅವರ ಭುಜದ ಮೇಲಿಂದ ಇಣುಕುತ್ತಿತ್ತು.

"ತಡವಾಯ್ತು ಸಾರ್," ಅಂದರು ರಾಯರು. ಅಂಗಿ ಜೇಬಿನಿಂದ ನಾಲ್ಕು ಕಾಗದ ತೆಗೆದು ಬೀಸಣಿಗೆಯಂತೆ ಹರಡಿದರು. "ಎಲ್ಲಾರೂ ಸಹಿ ಹಾಕಿ ಕೊಟ್ಟಿದೀರಿ. ನಿಮಗೆ ಸಂಬಂಧ ಇಲ್ಲ."

ಸಾಹೇಬರು ಮೊದಲನೆಯದನ್ನು ತೆಗೆದುಕೊಂಡರು. ಕನ್ನಡಕ ಏರಿಸಿ, ಮೆಲ್ಲಗೆ, ಪ್ರತಿ ಅಕ್ಷರಕ್ಕೂ ಜಾಗ ಕೊಟ್ಟು ಓದಿದರು: "ಕ್ರಮಸಂಖ್ಯೆ ೪೪೧೭ಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ಸರಿ, ಖಂಡಿತ ಇಲ್ಲ. ಏಡಿ ನಿಮ್ಮದೇ ರಾಯರೇ, ಇಟ್ಕೊಳ್ಳಿ. ಆ ಗಂಟಿನ ನಂಬರು ಎಷ್ಟು?"

ಯಾರೂ ಹೇಳಬೇಕಾಗಿರಲಿಲ್ಲ. ರಿಜಿಸ್ಟರ್ ತೆರೆದೇ ಇತ್ತು. ೪೪೧೮ರ ಮುಂದೆ ನಾಲ್ಕು ಹೆಸರು, ಒಂದಕ್ಕೂ ಗೀಟಿಲ್ಲದೆ, ಮುತ್ತಿನಂಥ ಅಕ್ಷರದಲ್ಲಿ ಹೊಳೆಯುತ್ತಿದ್ದವು. ಐದನೆಯದು ರಾಯರದು, ಅದರ ಮೇಲೆ ಕೆಂಪು ಗೆರೆ, ತುಂಬ ನೇರವಾಗಿ.

ತಜ್ಞೆ ರಾಯರ ಮುಖ ನೋಡಿದರು, ಗೋಡೆಯ ಗಡಿಯಾರ ನೋಡಿದರು. "ನಿಮ್ಮ ಮಾತು ನಾನು ನಂಬ್ತೀನಿ," ಅಂದರು ತಗ್ಗಿದ ದನಿಯಲ್ಲಿ. "ಆದ್ರೆ ನಾನು ಬರೆಯೋದು ರಿಜಿಸ್ಟರಲ್ಲಿ ಇದ್ದದ್ದನ್ನೇ. ಹಾಗಿಲ್ಲದಿದ್ರೆ ನಾಳೆ ಯಾರಾದ್ರೂ ಪ್ರಶ್ನೆ ಮಾಡ್ತಾರೆ." ಮೊದಲನೇ ಗೆರೆಯನ್ನು ನಕಲು ಮಾಡಿಕೊಂಡು ಬಸ್ಸಿಗೆ ಓಡಿದರು.

ಹೀಗೆ ಒಂದು ಪರೋಪಜೀವಿಗೆ ಸಾಹೇಬರ ಹೆಸರು ಶಾಶ್ವತವಾಗಿ ಬಂತು. ಸಾಹೇಬರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಸಂಜೆಯ ಟೀಗೆ ಎಲ್ಲರಿಗೂ ಬಿಸ್ಕತ್ತು ತರಿಸಿದರು.

"ರಾಯರೇ, ೪೪೧೮ಕ್ಕೆ ಹೊಸ ಚೀಟಿ ಬರೀರಿ. ದೊಡ್ಡವರೆಲ್ಲ ನೋಡೋಕೆ ಬರ್ತಾರೆ. ಅಕ್ಷರ ದುಂಡಗಿರ್ಲಿ."

ರಾಯರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೂತರು. ಹೆಸರು ಬರೆದರು. ಸಿಕ್ಕ ಜಾಗ ಬರೆದರು. ನಾಲ್ಕು ಜನ ಸಂಗ್ರಾಹಕರನ್ನು ಬರೆದರು. ಕಡೆಯಲ್ಲಿ 'ಯಾವ ಏಡಿಯ ಮೈಮೇಲೆ ಇತ್ತು' ಎಂಬ ಕಾಲಮ್ಮು ಬಂತು. ಲೇಖನಿ ಒಂದು ಕ್ಷಣ ನಿಂತಿತು.

"ಇಲ್ಲಿ ಆ ಏಡಿ ಸಂಗ್ರಹಿಸಿದವರ ಹೆಸರೂ ಹಾಕಬಹುದು ಸಾರ್," ಅಂದರು, ತಲೆ ಎತ್ತದೆ.

ಸಾಹೇಬರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿದರು.

"ಹೆಸರು ಬೇಡ ರಾಯರೇ, ಗೋಜಲಾಗುತ್ತೆ. ನಂಬರು ಹಾಕಿಬಿಡಿ."