ಬಚ್ಚಲ ಹಿಂದಿನ ನವರಂಗ

ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟೂ ಹತ್ತಕ್ಕೆ, ನಮ್ಮನೆಯವರು ಗುರುತು ಪರಿಚಯ ಇಲ್ಲದವರ ಬಚ್ಚಲುಮನೆಯ ಹಿಂದೆ ಕ್ಯಾಮೆರಾ ಸಮೇತ ಸಿಕ್ಕಿಬಿದ್ದರು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಬೇರೆಯವರು ಹೇಳುವಾಗ ಅದರಲ್ಲಿ ಬಚ್ಚಲು ಇರುತ್ತದೆ, ಕ್ಯಾಮೆರಾ ಇರುತ್ತದೆ, ಹಕ್ಕಿ ಮಾತ್ರ ಇರುವುದಿಲ್ಲ!

ಹಕ್ಕಿ ಇತ್ತು. ಬೇಕಾದರೆ ಆಣೆ ಮಾಡುತ್ತೇನೆ.

ಇವರು ಶಿರಸಿಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರು. ನಾಚಿಕೆ ಎನ್ನುವುದನ್ನು ದೇವರು ಗಂಡ ಹೆಂಡತಿಗೆ ಸೇರಿಸಿ ಕೊಟ್ಟಿದ್ದನೋ ಏನೋ, ಮದುವೆಯಾದ ಮೇಲೆ ಅವರ ಪಾಲೂ ನನಗೇ ಬಂತು. ಹುಬ್ಬಳ್ಳಿಯಿಂದ ಆ ಸೂಪರ್ ಜೂಮ್ ಕ್ಯಾಮೆರಾ ತಂದ ಮೇಲಂತೂ ನಾನು ತಲೆಯೆತ್ತಿ ನಡೆದ ದಿನವೇ ಕಡಿಮೆ. ಗುಂಡಿ ಒತ್ತಿದರೆ ಅದರ ಮೂತಿ ಉದ್ದವಾಗುತ್ತದೆ, ಗುಡ್ಡದ ಆಚೆಯ ಹಕ್ಕಿ ಕಣ್ಣೆದುರಿಗೆ ಬಂದು ಕೂರುತ್ತದೆ. ದೂರದ್ದು ಹತ್ತಿರ ಬರುತ್ತದೆ ನಿಜ, ಆದರೆ ಹತ್ತಿರದ್ದು ಮಾಯವಾಗುತ್ತದೆ. ಹತ್ತಿರದ್ದು ಎಂದರೆ ಯಾರು? ನಾನು!

ಯಲ್ಲಾಪುರದಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆ. ಹೊಸ ಕ್ಯಾಮೆರಾ ಇದೆಯಲ್ಲ, ಫೋಟೋ ನೀವೇ ತೆಗೆಯಿರಿ ಎಂದರು ಪಾಪ. ತಾಳಿ ಕಟ್ಟುವ ಹೊತ್ತಿಗೆ ವಾಲಗ ಜೋರಾಯಿತು, ಎಲ್ಲರೂ ಅಕ್ಷತೆ ಎತ್ತಿದರು, ನಮ್ಮ ಫೋಟೋಗ್ರಾಫರು ಮಂಟಪಕ್ಕೆ ಬೆನ್ನು ತಿರುಗಿಸಿ ನಿಂತಿದ್ದರು! ಚಪ್ಪರದ ಆಚೆ ಆಲದ ಮರದಲ್ಲಿ ಒಂದು ಮಂಗಟ್ಟೆ ಹಕ್ಕಿ ತನ್ನ ಜೋಡಿಗೆ ಹಣ್ಣು ತಿನ್ನಿಸುತ್ತಿತ್ತಂತೆ. ಆಲ್ಬಮ್ಮಿನಲ್ಲಿ ಈಗಲೂ ತಾಳಿ ಕಟ್ಟಿದ ಫೋಟೋ ಇಲ್ಲ. ಮಂಗಟ್ಟೆ ದಂಪತಿಗಳು ಮಾತ್ರ ಬಹಳ ಚೆನ್ನಾಗಿ ಬಂದಿದ್ದಾರೆ.

ಅಂಕೋಲೆಗೆ ಹೋಗುವ ಘಟ್ಟದ ತಿರುವಿನಲ್ಲಿ ಇನ್ನೊಂದು ಸಲ ಸ್ಕೂಟರ್ ನಿಲ್ಲಿಸಿ ನಡುರಸ್ತೆಯಲ್ಲೇ ಕ್ಯಾಮೆರಾ ಎತ್ತಿದರು. ಹಿಂದೆ ಲಾರಿಗಳು ಸಾಲುಗಟ್ಟಿದವು. ಮೊದಲನೇ ಲಾರಿಯವನು ಇಳಿದು ಬಂದ.

"ಏನ್ರೀ ಸರ, ಸಾಯಾಕ ನನ್ನ ಲಾರಿನ ಬೇಕೇನ್ರಿ?"

ಇವರು ಬೆರಳನ್ನು ತುಟಿಯ ಮೇಲಿಟ್ಟು, "ಶ್ಶ್! ಕೆಂಪು ಹೊಟ್ಟೆದು, ಆ ಬಳ್ಳಿ ಮೇಲೆ," ಎಂದರು.

"ಎಲ್ಲೈತ್ರಿ? ತೋರಸ್ರಿಲ್ಲೆ."

ಆಮೇಲೆ ಡ್ರೈವರು, ಕ್ಲೀನರು, ಅವರ ಹಿಂದಿನ ಲಾರಿಯವರು ಎಲ್ಲ ಸರದಿಯಲ್ಲಿ ನಿಂತು ಹಕ್ಕಿ ನೋಡಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮೈಲಿಗಲ್ಲಿನ ಮೇಲೆ ಕೂತಿದ್ದೆ.

ಇಷ್ಟೇ ಆಗಿದ್ದರೆ ನಾನು ನಗುತ್ತಲೇ ಮುಗಿಸುತ್ತಿದ್ದೆ. ಆದರೆ ಇವರೊಂದು ಸಿದ್ಧಾಂತ ಮಾಡಿದರು. ಬೇಸಿಗೆ ಹತ್ತಿರವಾದಂತೆ ಹಳ್ಳಕೊಳ್ಳ ಒಣಗುತ್ತವೆ. ಆಗ ಬಣ್ಣದ ಹಕ್ಕಿಗಳೆಲ್ಲ ನೀರಿಗೆ ಬರುವುದು ಮನೆಗಳ ಬಚ್ಚಲಿನ ಹಿಂದಿನ ಚರಂಡಿಗೆ. ಯಾವ ಬಚ್ಚಲಿನಲ್ಲಿ ಹೆಚ್ಚು ನೀರು ಹರಿಯುತ್ತದೆ? ಬಾಣಂತಿ ಇರುವ ಮನೆಯದ್ದರಲ್ಲಿ! ನಮ್ಮ ಕಡೆ ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಹೊಯ್ಯುತ್ತಾರಲ್ಲ, ಅದೇ ಲೆಕ್ಕ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಊರೂರಲ್ಲಿ "ಇಲ್ಲಿ ಯಾರ ಮನೇಲಿ ಬಾಣಂತಿ ಇದಾರೆ?" ಎಂದು ಕೇಳುತ್ತ ಹೋಗುವ ಮಾಸ್ತರನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಆ ಭಾನುವಾರ ಹೆಗ್ಗರಣೆಯ ಕಡೆ ನೆಂಟರ ಮನೆಗೆ ಹೊರಟಿದ್ದೆವು. ದಾರಿಯಲ್ಲಿ ಒಂದು ಚಾ ಅಂಗಡಿಯಲ್ಲಿ ಅದೇ ಪ್ರಶ್ನೆ.

"ಆ ಕೆಳಗಿನ ಮನೇಲಿ," ಎಂದ ಅಂಗಡಿಯವನು. "ಎಂತ, ಮಗು ನೋಡ್ಲಿಕ್ಕಾ?"

"ಇಲ್ಲ, ಬಚ್ಚಲು ನೋಡ್ಲಿಕ್ಕೆ," ಎಂದರು ಇವರು.

ಚಾ ಸೋಸುತ್ತಿದ್ದ ಅವನ ಕೈ ಹಾಗೇ ನಿಂತಿತು. ನಾನು ಅದನ್ನು ನೋಡಿದೆ. ಇವರು ನೋಡಲಿಲ್ಲ.

ಬೇರೆ ಕಡೆಗಳಲ್ಲಿ ಮೊದಲು ಮನೆಯವರನ್ನು ಕೇಳಿಯೇ ಹಿತ್ತಲಿಗೆ ಹೋಗುತ್ತಿದ್ದರು. ಅವತ್ತು ಬೇಲಿಯ ದಣಪೆ ದಾಟುವಷ್ಟರಲ್ಲೇ ಹಿತ್ತಲಿನಿಂದ ಎರಡು ಸಿಳ್ಳೆ ಕೇಳಿಸಿತು. ನವರಂಗ ಹಕ್ಕಿ!

"ಮನೆಯವರನ್ನ ಕೇಳಿ ಮೊದಲು," ಎಂದೆ.

"ಮಾತಾಡಡ. ಅಲ್ಲೇ ಇದ್ದು," ಎಂದವರು ಬಗ್ಗಿಕೊಂಡು ಹೋಗಿಯೇಬಿಟ್ಟರು. ನಾನು ದಣಪೆಯ ಹತ್ತಿರವೇ ನಿಂತೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಕೂಗು. "ಅಯ್ಯಯ್ಯೋ! ಬಚ್ಚಲ ಹಿಂದೆ ಯಾವನೋ ಗಂಡಸು!" ಸೊಸೆಗೆ ನೀರು ಹೊಯ್ಯುತ್ತಿದ್ದ ಅತ್ತೆ, ಕಿಂಡಿಯಲ್ಲಿ ಕ್ಯಾಮೆರಾದ ಗಾಜು ಹೊಳೆದದ್ದನ್ನು ಕಂಡಿದ್ದಳು. ಅಂಗಳದಲ್ಲಿ ಬೇಲಿಗೆ ಗೂಟ ಚೂಪು ಮಾಡುತ್ತಿದ್ದ ಗಂಡಸರು ಕತ್ತಿ ಹಿಡಿದೇ ಓಡಿದರು. ನಾನೂ ಓಡಿದೆ. ನಮ್ಮನೆಯವರು ಒಣ ಎಲೆಗಳ ಮೇಲೆ ಬೋರಲು ಬಿದ್ದುಕೊಂಡು ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡಿದ್ದರು. ಹೆಜ್ಜೆ ಸದ್ದಿಗೆ ತಿರುಗಿಯೂ ನೋಡದೆ ಒಂದು ಕೈ ಎತ್ತಿ, "ಶ್ಶ್!" ಎಂದರು. ಕತ್ತಿ ಹಿಡಿದವರಿಗೆ!

ಅವರಲ್ಲೊಬ್ಬ ಹುಡುಗ ಕಾಲರು ಹಿಡಿದು ಎಬ್ಬಿಸಿದ.

"ಎಂತ ತೆಗೀತಿದ್ದೆ? ಹೇಳು!"

"ನವರಂಗ. ಇದ್ರಲ್ಲಿ ಗಂಡು ಹೆಣ್ಣು ಎರಡೂ ನೋಡ್ಲಿಕ್ಕೆ ಒಂದೇ ಥರ..."

ಕೆನ್ನೆಗೆ ಬಿತ್ತು. ಕನ್ನಡಕ ಚರಂಡಿಗೆ ಹಾರಿತು.

"ಇವರು ನಮ್ಮನೆಯವರು! ಹಕ್ಕಿ ಫೋಟೋ ತೆಗೀತಾರೆ!" ಎಂದು ನಾನು ಕಿರುಚಿದೆ.

"ಹೆಂಡ್ತಿ ಬೇರೆ ಜೊತೆಗೆ! ಎಂಥಾ ಜನವೋ ಇವ್ರು!" ಅತ್ತೆಯ ಧ್ವನಿ.

ಅಷ್ಟರಲ್ಲಿ ಚಾ ಅಂಗಡಿಯವನೂ ಬಂದ. "ಬಚ್ಚಲು ನೋಡ್ಬೇಕು ಅಂತ ನನ್ನ ಹತ್ರಾನೇ ಹೇಳಿದಾರೆ!"

ಕತ್ತಿಯೊಂದು ಇವರ ಕುತ್ತಿಗೆಯ ಮಟ್ಟದಲ್ಲೇ ಇತ್ತು. ಆಗಷ್ಟೇ ಮಸೆದದ್ದು, ಅಂಚಿನಲ್ಲಿ ಗೂಟದ ಹಸಿ ಸಿಪ್ಪೆ ಅಂಟಿತ್ತು. ಇವತ್ತಿಗೂ ಅಡಿಗೆಮನೆಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ನನಗೆ ಆ ಸಿಪ್ಪೆಯೇ ಕಾಣುತ್ತದೆ.

ಹೊಡೆದ ಹುಡುಗನೇ ಇವರ ಮುಖವನ್ನು ಎರಡನೇ ಸಲ ನೋಡಿದ್ದು. ಕನ್ನಡಕ ಇಲ್ಲದ್ದಕ್ಕೆ ಗುರುತು ಹತ್ತಲು ಸ್ವಲ್ಪ ತಡವಾಯಿತು. "ಅಪ್ಪಾ... ಇವ್ರು ಶಿರಸಿಯ ಲೆಕ್ಕದ ಮಾಸ್ತರು. ನಂಗೆ ಕಲ್ಸಿದಾರೆ," ಎಂದವನು ಕಾಲರು ಬಿಟ್ಟ.

ಮನೆಯ ಯಜಮಾನರು ಹೇಳಿದರು, "ಮಾಸ್ತರಾದ್ರೆ ಮತ್ತೂ ಕಷ್ಟ. ಫೋಟೋ ತೋರ್ಸ್ಲಿ."

ತೋರಿಸೋಣ ಎಂದರೆ ಕ್ಯಾಮೆರಾದ ಸೆಲ್ಲುಗಳು ಮುಗಿದಿದ್ದವು! ಜಗಲಿಯ ಗೋಡೆ ಗಡಿಯಾರದಿಂದ ಒಂದು, ಟಿ.ವಿ. ರಿಮೋಟಿನಿಂದ ಎರಡು, ರೇಡಿಯೋದಿಂದ ಒಂದು ತೆಗೆದು ಹಾಕಿದರು. ಕ್ಯಾಮೆರಾ ಮುಲುಗುತ್ತ ಎದ್ದಿತು. ಎಲ್ಲರೂ ಬಗ್ಗಿದರು. ನಾನೂ ಬಗ್ಗಿದೆ. ನಾನು ಬಗ್ಗುವ ಅಗತ್ಯ ಏನಿತ್ತು? ಅದನ್ನು ನೆನೆದರೆ ಉಳಿದೆಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಮೊದಲನೆಯದರಲ್ಲಿ ಒಣ ಎಲೆ. ಎರಡನೆಯದರಲ್ಲಿ ನವರಂಗ, ಹಸಿರು ಬೆನ್ನು, ಬಾಲದಡಿ ಕೆಂಪು, ಕೊಕ್ಕಿನ ತುದಿಯಲ್ಲಿ ನೀರ ಹನಿ. ಯಾರೋ "ಅರೆ!" ಎಂದರು. ಮೂರನೆಯದರಲ್ಲಿ ಬಚ್ಚಲಿನ ಗೋಡೆ. ಹಕ್ಕಿ ಹಾರಿದಾಗ ಕೈ ಅಲುಗಿ ಕ್ಯಾಮೆರಾ ಮೇಲಕ್ಕೆದ್ದಿತ್ತು. ಕಿಂಡಿ, ಅದರೊಳಗಿನಿಂದ ಹೊಗೆ. ಬರೀ ಹೊಗೆ. ನಾಲ್ಕನೆಯದು ಬರುವ ಮೊದಲೇ ಸೆಲ್ಲು ಸತ್ತುಹೋಯಿತು.

ಯಜಮಾನರು ತಮ್ಮ ಸೆಲ್ಲುಗಳನ್ನು ತೆಗೆದಿಟ್ಟುಕೊಂಡು ಕ್ಯಾಮೆರಾ ವಾಪಸು ಕೊಟ್ಟರು. "ಹೋಗಿ ಮಾಸ್ತರೆ. ಇನ್ನು ಈ ಬದಿಗೆ ಬರಬೇಡಿ," ಎಂದರು. ನಂಬಿದೆ ಎಂದೂ ಹೇಳಲಿಲ್ಲ, ನಂಬಲಿಲ್ಲ ಎಂದೂ ಹೇಳಲಿಲ್ಲ.

ನಮ್ಮ ಸ್ಕೂಟರಿಗಿಂತ ಮೊದಲೇ ಸುದ್ದಿ ಶಿರಸಿ ಮುಟ್ಟಿತ್ತು. ಹೆಡ್ ಮಾಸ್ತರು ಕರೆದು, ಆ ಮನೆಯವರು ಒಂದು ದೂರು ಕೊಟ್ಟರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಹುಟ್ಟಿದಾಗಿನಿಂದ ನಾಚಿಕೆ ಗೊತ್ತಿಲ್ಲದ ಮನುಷ್ಯನಿಗೆ ಅದು ಒಂದೇ ಸಲಕ್ಕೆ ಬಂತು, ಬಡ್ಡಿ ಸಮೇತ. ಕ್ಯಾಮೆರಾ ಅಟ್ಟ ಸೇರಿತು. ಕ್ಲಾಸಿನಲ್ಲಿ ಬೋರ್ಡಿಗೇ ಪಾಠ ಹೇಳಿ ಬರತೊಡಗಿದರು, ಮಕ್ಕಳತ್ತ ತಿರುಗುವುದನ್ನೇ ಬಿಟ್ಟರು. ಮಲಗಿದರೆ ಎದ್ದು ಕೂರುವುದು. ದೂರಿನ ಹೆದರಿಕೆ ಎಂದುಕೊಂಡು ನಾನು ಸಮಾಧಾನ ಹೇಳಲು ಹೋದರೆ, ಅವರು ಕೇಳಿದ್ದೇ ಬೇರೆ.

"ಆ ಬಾಣಂತಿಗೆ ನೀರು ಹೊಯ್ಯದು ಅರ್ಧಕ್ಕೇ ನಿಂತೋತು. ಹಸಿ ಮೈ. ಥಂಡಿ ಆತೇನ."

ಹೋಗಿ ವಿಚಾರಿಸುವ ಮುಖ ನಮ್ಮಿಬ್ಬರಿಗೂ ಇರಲಿಲ್ಲ.

ದೂರು ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಮಳೆಗಾಲ ಹಿಡಿದ ಮೇಲೆ ಒಂದು ಬುಧವಾರ ಸಿದ್ದಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕಾಲಿಡಲು ಜಾಗವಿಲ್ಲ. ನಡುವೆ ಎಲ್ಲೋ ಒಬ್ಬಳು ಹರೆಯದ ಹೆಂಗಸು ಮಗು ಎತ್ತಿಕೊಂಡು ಹತ್ತಿದಳು. ಅವಳ ಹಿಂದೆ ಹತ್ತಿದವಳನ್ನು ಕಂಡು ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಅವತ್ತು ಕೂಗಿದ ಅತ್ತೆ! ಇವರೂ ನೋಡಿದರು. ಎದ್ದು ಇಳಿದುಹೋಗಲು ನೋಡಿದರು, ಜನ ಬಿಡಲಿಲ್ಲ.

"ಕೂತ್ಕಳಿ ಮಾಸ್ತರೆ, ಎಲ್ಲಿಗೆ ಹೋಗ್ತ್ರಿ?" ಎಂದಳು ಅತ್ತೆ. ಬಸ್ಸೆಲ್ಲ ತಿರುಗಿ ನೋಡಿತು. ನಾನು ಕಣ್ಣು ಮುಚ್ಚಿದೆ.

ತೆರೆದಾಗ ಸೊಸೆ, ನಿಂತವರ ಹೆಗಲ ಮೇಲಿನಿಂದ ಮಗುವನ್ನು ಚಾಚಿ ಇವರ ಮಡಿಲಲ್ಲಿ ಕೂರಿಸುತ್ತಿದ್ದಳು.

"ಸ್ವಲ್ಪ ಹಿಡ್ಕಳ್ಳಿ ಮಾಸ್ತರೆ. ನಂಗೆ ನಿಲ್ಲಲಿಕ್ಕೇ ಆಗ್ತಿಲ್ಲ." ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಬಾಣಂತನದಲ್ಲಿ ಕತ್ತಲೆ ಕೋಣೇಲಿ ಮಲಗಿ ಮಲಗಿ ಬೇಜಾರು. ದಿನಾ ಮೀಯುವಾಗ ಕಿಂಡೀಲಿ ಆ ಹಕ್ಕಿ ನೋಡೋದೇ ನಂಗೊಂದು ಖುಷಿ ಇತ್ತು. ಅತ್ತೆ ಕೂಗಿ ಓಡಿಸಿಬಿಟ್ರು!"

"ಅದಕ್ಕೆ ಇವಳು ನಂಗೇ ಬೈದ್ಲು," ಎಂದಳು ಅತ್ತೆ. ಬಸ್ಸು ನಕ್ಕಿತು.

ಇವರು ನಗಲಿಲ್ಲ. "ಅವತ್ತು... ಥಂಡಿ ಎಂತ ಆಗ್ಲಿಲ್ಲ ಅಲ್ದಾ?" ಎಂದರು.

"ಎಂತದೂ ಆಗ್ಲಿಲ್ಲ."

ಶಿರಸಿ ಬರುವವರೆಗೂ ಇವರು ಅಲುಗಾಡದೆ ಕೂತಿದ್ದರು. ಮಗು ಇವರ ಹೆಬ್ಬೆರಳು ಹಿಡಿದು, ಅಂಗಿಯ ಮೇಲೆ ಜೊಲ್ಲು ಸುರಿಸುತ್ತ ನಿದ್ದೆ ಹೋಗಿತ್ತು. ಇಷ್ಟು ಹತ್ತಿರದ್ದನ್ನು ಅವರು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಬುಧವಾರ ಊಟ ಮಾಡಿ ಮಲಗಿದವರು ಗೊರಕೆ ಹೊಡೆಯತೊಡಗಿದರು. ಮದುವೆಯಾದ ಹೊಸತರಲ್ಲಿ ಅದಕ್ಕೆ ನಾನು ಎಷ್ಟು ಜಗಳ ಆಡಿದ್ದೆ! ಅವತ್ತು ಮಾತ್ರ ಸುಮ್ಮನೆ ಕೇಳುತ್ತ ಮಲಗಿದ್ದೆ. ಇಬ್ಬರಿಗೂ ಎಚ್ಚರವಾದಾಗ ಬೆಳಕು ಹರಿದಿತ್ತು.