ಆದೋನಿಗೂ ನೇಪಾಳಕ್ಕೂ ಕಾಲು ಗಂಟೆ

ನಮ್ಮ ಮೆಸ್ಸಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಮೆಸ್ ಎಂದರೆ ಆಂಧ್ರದ ಆದೋನಿಯಲ್ಲಿ ನಾನೂ ನಮ್ಮ ಅತ್ತೆಯೂ ನಡೆಸುವ ಊಟದ ಮನೆ. ಅಡುಗೆಯವನು ನೇಪಾಳದ ಒಂದು ಸಣ್ಣ ಬೆಟ್ಟದೂರಿನವನು. ಅವನೂರಿನ ಹುಡುಗಿಯೊಬ್ಬಳು ಅವನನ್ನು ಮದುವೆಯಾಗಲು ಒಪ್ಪಿದ್ದಳು. ಅವಳ ಅಪ್ಪ ಒಪ್ಪಿರಲಿಲ್ಲ. ಅಪ್ಪ ಒಪ್ಪದಿದ್ದರೆ ಅಡುಗೆಯವನು ಅವಳಿಗಾಗಿ ಊರಿಗೇ ಹೋಗಿಬಿಡುತ್ತಾನೆ, ನಮ್ಮ ಮೆಸ್ಸಿಗೆ ಬೀಗ. ಇದನ್ನು ಮೊದಲೇ ಹೇಳಿದೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಒಂದು: ಬೆಟ್ಟ

ಬೆಟ್ಟವಿಲ್ಲದ ಊರಿಗೆ ಮಗಳನ್ನು ಕೊಡುವುದಿಲ್ಲ ಎಂಬುದು ಆ ಅಪ್ಪನ ಹಟ. ಅತ್ತೆ ಅಡುಗೆಯವನನ್ನು ಬೀದಿಗೆ ಕರೆತಂದು ಕೋಟೆ ಇರುವ ಗುಡ್ಡವನ್ನು ತೋರಿಸಿದರು.

"ನೋಡಪಾ, ನಮ್ಮದೂ ಬೆಟ್ಟದ ಊರೇ ಐತಿ. ಹಂಗ ಹೇಳು ಅವ್ರಿಗೆ."

ಅವನು ನಮ್ಮಲ್ಲಿಗೆ ಬಂದು ಕನ್ನಡ, ತೆಲುಗು ಎರಡೂ ಕಲಿತಿದ್ದಾನೆ. ಬಹಳ ಹೊತ್ತು ಗೌರವದಿಂದ ನೋಡಿದ.

"ಚೆಂದ ಐತಿ ಅವ್ವಾ. ಉಳಿದದ್ದು ಎಲ್ಲೈತಿ?"

ಎರಡು: ಗಡಿಯಾರ

ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಅರ್ಧ ಗಂಟೆಯಲ್ಲ, ಕಾಲು ಗಂಟೆಯೇ. ನಾನೂ ನಂಬದೆ ಮತ್ತೆ ಕೇಳಿದ್ದೆ. ಹುಡುಗಿ ಫೋನಿಗೆ ಸಿಗುವ ಹೊತ್ತು ತಪ್ಪಬಾರದೆಂದು ಅವನು ಅಡುಗೆಮನೆಯ ಗಡಿಯಾರವನ್ನು ತನ್ನೂರಿಗೆ ಹೊಂದಿಸಿಬಿಟ್ಟ. ದಿನಾ ತಡವಾಗುತ್ತಿದ್ದ ಅನ್ನ ಸಾರು ಹೇಳಿದ ಹೊತ್ತಿಗೇ ಆಗತೊಡಗಿದವು.

ಹತ್ತಿ ಮಾರುಕಟ್ಟೆಯ ಹಳೆಯ ಗಿರಾಕಿಯೊಬ್ಬರು ತಟ್ಟೆಯ ಮುಂದೆ ಕೂತು ಗಾಬರಿಯಾದರು.

"ಏಮಕ್ಕಾ, ಊಟ ಟೈಮಿಗೇ ಆಗೈತಿ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

ಮೂರು: ಗಳಿಗೆ

ಕೊನೆಗೆ ಹುಡುಗಿಯ ಅಪ್ಪ, ಗುರುವಾರ ವಿಡಿಯೋ ಕಾಲಿನಲ್ಲಿ ನಿಮ್ಮನ್ನೆಲ್ಲ ನೋಡಿ ತೀರ್ಮಾನ ಹೇಳುತ್ತೇನೆ ಎಂದ. ಅವನ ಜೋಯಿಸರು ಕೊಟ್ಟ ಒಳ್ಳೆಯ ಗಳಿಗೆ ಅಲ್ಲಿಯ ಮೂರು ಗಂಟೆಗೆ ಮುಗಿಯುತ್ತದೆ. ನಮ್ಮ ರಾಹುಕಾಲ ಇಲ್ಲಿಯ ಮೂರು ಗಂಟೆಗೆ ಮುಗಿಯುತ್ತದೆ. ಅಂದರೆ, ನಮ್ಮ ಕೆಟ್ಟದ್ದು ಹೋಗುವ ಮೊದಲೇ ಅವರ ಒಳ್ಳೆಯದು ಹೋಗಿರುತ್ತದೆ.

ಅಡುಗೆಯವನು ಅಳುವುದೊಂದು ಬಾಕಿ. ಅತ್ತೆ ದಾರಿ ಹುಡುಕಿದರು.

"ಅವ್ರು ಮಾತಾಡ್ಲಿ. ರಾಹುಕಾಲ ಮುಗಿಯೋತನ ನಾವು ಬಾಯಿ ತೆರಿಯೋದು ಬ್ಯಾಡ. ಬರೇ ತಲಿ ಆಡ್ಸು."

"ಇಲ್ಲ ಅನ್ನೋದಿದ್ರ, ಅವ್ವಾ?"

"ಲಗ್ನದ ಮಾತಿನಾಗ ಇಲ್ಲ ಅಂತಾರೇನೋ? ಮ್ಯಾಲೆ-ಕೆಳಗ ಆಡ್ಸು."

ಕಾಲ್ ಬಂತು. ನಿಮ್ಮೂರಲ್ಲಿ ಚಳಿ ಇದೆಯೇ ಎಂದು ಅಪ್ಪ ಕೇಳಿದ. ಅಡುಗೆಯವನು ತಲೆ ಆಡಿಸಿದ. ಮನೆ ಮುಂದೆ ಝರಿ ಹರಿಯುತ್ತದೆಯೇ? ಆಡಿಸಿದ. ನಮಗೆ ನೇಪಾಳಿ ಬಾರದು, ಪ್ರಶ್ನೆಗಳು ತಿಳಿದದ್ದು ಆಮೇಲೆ. ಆದ್ದರಿಂದ ಅವನು ಆಡಿಸಿದಾಗಲೆಲ್ಲ ನಾವೂ ಆಡಿಸಿದೆವು.

ಅಷ್ಟರಲ್ಲಿ ಅವರ ಒಳ್ಳೆಯ ಗಳಿಗೆ ಮುಗಿಯಿತು. ಅಪ್ಪನೂ ಬಾಯಿ ಮುಚ್ಚಿದ. ನಮ್ಮ ರಾಹುಕಾಲ ಇನ್ನೂ ಇತ್ತು. ಎರಡು ದೇಶದವರು ಕಾಲು ಗಂಟೆ ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ನಡುವೆ ಅವನು ಚಹಾ ಕುಡಿದ. ನಾವು ನೋಡಿದೆವು.

ಇಲ್ಲಿ ಮೂರಾಯಿತು. ಅತ್ತೆ ಶುರು ಮಾಡಿದರು, ಅಡುಗೆಯವನು ಅದನ್ನೇ ನೇಪಾಳಿಯಲ್ಲಿ ಹೇಳಿದ.

"ಹುಡುಗೀನ ಕೊಡ್ತೀರೇನ್ರಿ?"

ತನ್ನ ಒಳ್ಳೆಯ ಗಳಿಗೆ ಮುಗಿದ ಮೇಲೆ ಅಪ್ಪ ಮಾತಾಡುವಂತಿಲ್ಲ. ತಲೆ ಆಡಿಸಿದ, ಮೇಲೆ-ಕೆಳಗೆ.

"ಲಗ್ನ ನಮ್ಮೂರಾಗ ಮಾಡೋಣೇನ್ರಿ?"

ಆಡಿಸಿದ.

"ಮೇ ತಿಂಗಳಾಗ?"

ಒಂದರ ಮೇಲೊಂದು ಸ್ವೆಟರ್ ಹಾಕಿ ಕೂತಿದ್ದ ಆ ಮನುಷ್ಯ ಅದಕ್ಕೂ ತಲೆ ಆಡಿಸಿದ.

ಫೋನ್ ಇಟ್ಟ ಅಡುಗೆಯವನು ಅತ್ತೆಯ ಕಾಲಿಗೆ ಬಿದ್ದ. ಅತ್ತೆ ನನ್ನ ಕಡೆ ತಿರುಗಿ ಹೇಳಿದರು:

"ಬಾಳ ಒಳ್ಳೆ ಮನಿತನ. ಎದುರು ಒಂದು ಮಾತು ಆಡಂಗಿಲ್ಲ."