ಮೊಣಕಾಲು ಮಡಚದ ಮಾವ

ನಮ್ಮ ಸೋದರಮಾವನಿಗೆ ಮೊಣಕಾಲೇ ಇಲ್ಲವೆಂದು ವಿಜಾಪುರದ ನಮ್ಮ ಕಾಲೇಜಿನ ಅರ್ಧ ಹುಡುಗರು ನಂಬಿದ್ದರು. ಉಳಿದವರು, ಇವೆ, ಆದರೆ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದಾರೆ ಎನ್ನುತ್ತಿದ್ದರು. ಯಾರನ್ನೂ ತಪ್ಪು ಎನ್ನುವಂತಿರಲಿಲ್ಲ. ಖಾಕಿ ಸಮವಸ್ತ್ರ ತೊಟ್ಟ ಮೇಲೆ ಮಾವ ಕುಳಿತದ್ದನ್ನು ಕಂಡವರೇ ಇರಲಿಲ್ಲ.

ಎಪ್ಪತ್ತರ ದಶಕದ ಮಾತು. ಮಾವ ಸಂಬಳ ಪಡೆಯುತ್ತಿದ್ದದ್ದು ಇತಿಹಾಸ ಕಲಿಸುವುದಕ್ಕೆ, ಬದುಕುತ್ತಿದ್ದದ್ದು ಕಾಲೇಜಿನ ಕೆಡೆಟ್ ದಳಕ್ಕೆ. ಅವನ ಪ್ಯಾಂಟಿನ ಇಸ್ತ್ರಿ ಗೆರೆಯ ಮೇಲೆ ಇರುವೆ ನಡೆದರೆ ಅದರ ಹೊಟ್ಟೆ ಸೀಳಬೇಕು, ಅಂಥ ಗೆರೆ. ಕುಳಿತರೆ ಗೆರೆ ಮುರಿಯುತ್ತದೆ. ಆದ್ದರಿಂದ ಕುಳಿತುಕೊಳ್ಳುವ ಮಾತೇ ಇಲ್ಲ. ಪರೇಡಿನ ದಿನ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ತಾಟಿಟ್ಟುಕೊಂಡು ನಿಂತೇ ಉಣ್ಣುತ್ತಿದ್ದ. "ಟಾಂಗಾದ ಕುದುರಿನೂ ಒಂದೊಂದ್ ಸಲ ಕುಂದರತೈತಿ," ಎಂದು ಮಾವನ ಹೆಂಡತಿ, ನಮ್ಮತ್ತಿ, ರೊಟ್ಟಿ ಬಡಿಯುತ್ತಲೇ ಹೇಳುವಳು. "ಕುದುರಿಗೆ ಪ್ಯಾಂಟ್ ಇಲ್ಲ," ಎನ್ನುವನು ಮಾವ.

ಒಮ್ಮೆ ತಿಕೋಟಾದಿಂದ ಊರಿಗೆ ಬರುವ ಬಸ್ಸಿನಲ್ಲಿ ನಾವು ನಾಲ್ಕಾರು ಮಂದಿ ಬಿಟ್ಟರೆ ಯಾರೂ ಇರಲಿಲ್ಲ. ಮಾವ ನಡುವೆ ಕಂಬದಂತೆ ನಿಂತಿದ್ದ. ಕಂಡಕ್ಟರನಿಗೆ ನೋಡಲಾಗಲಿಲ್ಲ.

"ಸರ, ಗಾಡಿ ಪೂರಾ ಖಾಲಿ ಐತ್ರಿ. ಕುಂದರ್ರಿ."

"ನೀ ನಿಂತೀಯಲ್ಲಪಾ?"

"ನಂದು ಡ್ಯೂಟಿ ರಿ."

"ನಂದೂ."

ಸಮವಸ್ತ್ರದ ಇನ್ನೊಂದು ನಿಯಮವೆಂದರೆ, ಅದನ್ನು ತೊಟ್ಟಾಗ ಅವನಿಗೆ ಬಂಧುಬಳಗ ಇರುತ್ತಿರಲಿಲ್ಲ. ನಾನೂ ಅದೇ ದಳದ ಕೆಡೆಟ್. ಒಂದು ಬೆಳಿಗ್ಗೆ ಪರೇಡ್ ಮೈದಾನದಲ್ಲಿ, "ಮಾಮಾ, ಅವ್ವ ಉಪ್ಪಿನಕಾಯಿ ಕಳಿಸ್ಯಾಳ," ಎಂದು ಭರಣಿ ಮುಂದೆ ಹಿಡಿದೆ. ಮಾವ ನನ್ನ ತಲೆಯ ಮೇಲಿಂದ ದಿಗಂತವನ್ನು ನೋಡಿದ.

"ಕೆಡೆಟ್, ಈ ಮೈದಾನದಾಗ ಯಾರೂ ಮಾಮಾ ಇಲ್ಲ. ಸುತ್ತ ಓಡು."

ಭರಣಿ ಸಮೇತ ಓಡಿದೆ. ಎಣ್ಣೆ ಮೊಣಕೈವರೆಗೆ ಇಳಿಯಿತು. ಸಂಜೆ ಅವನ ಮನೆಗೆ ಹೋದರೆ ಲುಂಗಿ ಉಟ್ಟು ಜೋಕಾಲಿಯ ಮೇಲೆ ಆರಾಮಾಗಿ ಕುಳಿತ ಅದೇ ಮನುಷ್ಯ, "ಬಾರೋ ಅಳಿಯಾ, ಉಪ್ಪಿನಕಾಯಿ ಎಲ್ಲೈತಿ?" ಎಂದು ಕೇಳಿದ. ಇಂಥವನನ್ನು ಏನು ಮಾಡುತ್ತೀರಿ?

ಇಷ್ಟರಲ್ಲಿ ನನಗೂ ಗೆಳೆಯ ರಫೀಕನಿಗೂ ಅಧಿಕಾರಿಗಳ ಬಯಲು ತರಬೇತಿ ಶಿಬಿರಕ್ಕೆ ಕರೆ ಬಂತು. ನಕ್ಷೆ, ದಿಕ್ಸೂಚಿ ಹಿಡಿದು ಅಪರಿಚಿತ ಬಯಲಲ್ಲಿ ದಾರಿ ಹುಡುಕಬೇಕು. ಗೆದ್ದವರಿಗೆ ಸೇನೆಯಲ್ಲಿ ಅಧಿಕಾರಿಯಾಗುವ ದಾರಿ ತೆರೆಯುತ್ತಿತ್ತು. ನಮ್ಮ ಕಾಲೇಜಿನಿಂದ ಅಲ್ಲಿಯವರೆಗೆ ಯಾರೂ ಗೆದ್ದಿರಲಿಲ್ಲ. ಮಾವನಿಗೆ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು. ನಮ್ಮವ್ವ ಮಾತ್ರ ಒಪ್ಪಲಿಲ್ಲ. ನಾನು ಒಬ್ಬನೇ ಮಗ, ಅಪ್ಪ ತೀರಿಕೊಂಡಿದ್ದರು. ಕೊನೆಗೆ ಮಾವ ಅವಳ ಮುಂದೆ ನಿಂತು, "ಅಕ್ಕಾ, ತಯಾರಿ ಮಾಡಿಸಾಂವ ನಾ. ಅಂವನ್ನ ಹೆಂಗ ಒಯ್ತೀನೋ ಹಂಗ ತಂದು ಕೊಡ್ತೀನಿ," ಎಂದ. ಅವ್ವ ತಮ್ಮನ ಮುಖ ನೋಡಿ, "ಹಂಗ ಅಂದ್ರ ಹಂಗ," ಎಂದಳು.

ತಯಾರಿ ಶುರುವಾದದ್ದು ಊಟದಿಂದ. ಅಧಿಕಾರಿಗಳು ಚೂರಿ, ಮುಳ್ಳುಚಮಚದಲ್ಲಿ ಉಣ್ಣುತ್ತಾರಂತೆ. ಮಾವ ಎಲ್ಲಿಂದಲೋ ಎರಡು ಜೊತೆ ತಂದ. ಆದರೆ ಉಣ್ಣಲು ಇದ್ದದ್ದು ಅತ್ತಿ ಒಣಗಿಸಿಟ್ಟ ಕಡಕ್ ಜೋಳದ ರೊಟ್ಟಿ. ಅದಕ್ಕೆ ಮುಳ್ಳು ಚುಚ್ಚಿ ನೋಡಿದ್ದೀರಾ? ರಫೀಕ ಚುಚ್ಚಿದ. ರೊಟ್ಟಿ ಬಾಂಬಿನಂತೆ ಸಿಡಿದು, ಒಂದು ಚೂರು ಹಾರಿ ಹೋಗಿ, ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಹಿಡಿದು ಕುಳಿತಿದ್ದ ಚಹಾದ ಬಟ್ಟಲಿಗೆ ಬಿತ್ತು. ಅವರು ಅದನ್ನು ಬೆರಳಿಂದ ತೆಗೆದು ತಿಂದು, "ಮತ್ತೊಂದ್ ಒಗೀರಿ, ಚಲೋ ನೆಂದೈತಿ," ಎಂದರು. ಅಧಿಕಾರಿಗಳ ಊಟದ ಪಾಠ ಅಲ್ಲಿಗೇ ಮುಗಿಯಿತು.

ದಿಕ್ಸೂಚಿಯ ಪಾಠ ಇನ್ನೂ ಕೆಟ್ಟಿತು. ಮಾವ ನಮ್ಮನ್ನು ತಿಕೋಟಾದ ಕಡೆಯ ಬಯಲಲ್ಲಿ ಬಿಟ್ಟು, ದಿಕ್ಸೂಚಿ ನೋಡಿಕೊಂಡು ಊರು ಸೇರಿರಿ ಎಂದ. ಇಬ್ಬರೂ ಅವನು ಹೇಳಿದ್ದಕ್ಕಿಂತ ಮೊದಲೇ ಬಂದು ನಿಂತೆವು. ಮಾವನ ಎದೆ ಉಬ್ಬಿತು. ಆಮೇಲೆ ನೋಡುತ್ತಾನೆ, ದಿಕ್ಸೂಚಿಗಳು ಡಬ್ಬಿಯಿಂದ ಹೊರಗೇ ಬಂದಿಲ್ಲ.

"ಲೇ ರಫೀಕ, ದಾರಿ ಹೆಂಗ ಹಿಡದ್ರಿ?"

"ದಿಬ್ಬ ಏರಿ ಗುಮ್ಮಟ ನೋಡಿದ್ವಿ ರಿ, ಸರ." ರಫೀಕನ ಅಪ್ಪನದು ಗೋಳಗುಮ್ಮಟದ ಎದುರು ಚಹಾದಂಗಡಿ. "ನಾ ಹುಟ್ಟಿದಾಗಿಂದ ಗುಮ್ಮಟ ನೋಡೇ ಮನಿಗೆ ಹೋಗೀನಿ ರಿ."

ನಮ್ಮ ಸೀಮೆಯವರು ಮಾತ್ರ ಮಾಡಬಲ್ಲ ತಪ್ಪು ಇದು. ನೆಲ ತಾಟಿನಂತೆ ಸಪಾಟು, ನಡುವೆ ಅಷ್ಟು ದೊಡ್ಡ ಗುಮ್ಮಟ. ಕಳೆದುಹೋಗಬೇಕೆಂದರೂ ಅದು ಬಿಡುವುದಿಲ್ಲ. "ಗುಮ್ಮಟ ಇಲ್ಲದ ದೇಶದಾಗ ಯುದ್ಧ ಆದ್ರ ಏನ್ ಮಾಡಾವ್ರು ನೀವು?" ಎಂದು ಮಾವ ಗುಡುಗಿದ. ಮರುವಾರ ಟಾಂಗಾ ಕುದುರೆಗಳಿಗೆ ಕಟ್ಟುವಂತೆ ನಮ್ಮ ಕಣ್ಣಿನ ಎರಡೂ ಬದಿಗೆ ರಟ್ಟು ಕಟ್ಟಿಸಿ ನಡೆಸಿದ. ತಿಕೋಟಾದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ಕುರುಪಿ ಕೆಳಗಿಟ್ಟಳು.

"ಯಾ ಊರ ಹುಡುಗ್ರಪಾ? ಇಬ್ಬರಿಗೂ ಒಮ್ಮೆಲೇ ಕಣ್ಣಬ್ಯಾನಿ ಬಂದೈತೇನು?"

"ಇಲ್ಲ ಬೇ ಆಯಿ, ಆಫೀಸರ್ ಆಗಾಕತ್ತೀವಿ."

"ಅದಕ್ಕ ಔಷಧ ಇಲ್ಲ ಬಿಡಪಾ," ಎಂದು ಅವಳು ಮತ್ತೆ ಕಳೆಗೆ ಬಾಗಿದಳು.

ರಟ್ಟು ಬದಿಯನ್ನಷ್ಟೇ ಮುಚ್ಚಿತು, ಗುಮ್ಮಟ ಎದುರಿಗೇ ಇತ್ತು. ಕೊನೆಗೆ ಮಾವ ಗುಮ್ಮಟ ಕಾಣದ ಜಾಗ ಹುಡುಕಿದ. ಬಬಲೇಶ್ವರ ದಾಟಿ ಮಮದಾಪುರದ ಕೆರೆ. ಇಲ್ಲಿಂದ ಮುಂದಿನದನ್ನು ನಾನು ನಗುತ್ತ ಹೇಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಇದನ್ನು ಬರೆಯುವಾಗಲೂ ನನ್ನ ಕಾಲ್ಬೆರಳುಗಳು ಚಪ್ಪಲಿಯನ್ನು ಬಿಗಿಯಾಗಿ ಕಚ್ಚಿ ಹಿಡಿದಿವೆ.

ಬೇಸಿಗೆಯ ಮುಂಜಾನೆ. ನೀರು ಹಿಂದೆ ಸರಿದು ಕೆರೆಯ ಅಂಗಳ ಬಿರುಕು ಬಿಟ್ಟು ಒಣಗಿತ್ತು. ದಂಡೆಯ ಹುಣಸೆಮರದ ಕೆಳಗೆ ಮಾವ ನಿಂತಿದ್ದ. ನಿಂತಿದ್ದ ಎಂದು ಬೇರೆ ಹೇಳಬೇಕೆ? ಆಚೆ ಉತ್ತರ ದಡದ ಗುಡಿಸಲೊಂದಕ್ಕೆ ದಿಕ್ಸೂಚಿ ಹೊಂದಿಸಿಕೊಟ್ಟು, "ಸೀದಾ ಹೋಗ್ಬೇಕು. ಮುಳ್ಳು ಎತ್ತಲಾಗ ತೋರಸ್ತೈತಿ ಅತ್ತಲಾಗ," ಎಂದ. ನಾನು ಮುಂದೆ, ರಫೀಕ ಸ್ವಲ್ಪ ಹಿಂದೆ. ಕಣ್ಣು ಅಂಗೈಯ ಮುಳ್ಳಿನ ಮೇಲೆ. ಬಿರುಕುಗಳು ತೆಳ್ಳಗಾಗುತ್ತ ಬಂದದ್ದನ್ನು, ಮಣ್ಣಿನ ಬಣ್ಣ ಕಪ್ಪಾಗುತ್ತ ಬಂದದ್ದನ್ನು ನೋಡಲಿಲ್ಲ.

ಹಪ್ಪಳ ಮುರಿದಂಥ ಸಪ್ಪಳ. ಅಷ್ಟೇ. ತೊಡೆಯವರೆಗೆ ನಾನು ನೆಲದೊಳಗಿದ್ದೆ.

ರಫೀಕ ಮೊದಲು ನಕ್ಕ. "ಯಾಕೋ ಕುಂತೀಯಲ್ಲ, ಸರ್ ನೋಡಾಕತ್ತಾರ!" ಎಂದ. ನಾನು ಒಂದು ಕಾಲು ಎಳೆದೆ. ಎಳೆದ ಕಾಲು ಬರಲಿಲ್ಲ, ಇನ್ನೊಂದು ಕಾಲು ಇಳಿಯಿತು. ಮೇಲೆ ಬಿಸಿಲು, ಕೆಳಗೆ ಆ ಎರೆಮಣ್ಣು ಬಾವಿಯ ನೀರಿನಷ್ಟು ತಣ್ಣಗಿತ್ತು. ಯಾರೋ ಎರಡು ಕೈಯಿಂದ ಕಾಲುಗಳನ್ನು ನಿಧಾನವಾಗಿ, ಅವಸರವಿಲ್ಲದೆ ಒಳಗೆಳೆದುಕೊಳ್ಳುತ್ತಿದ್ದಂತೆ. ರಫೀಕನ ನಗು ನಿಂತಿತು. ಅವನು ಕೂಗಿಕೊಂಡ.

ಮಾವ ಓಡಿ ಬಂದ. ದೂರದಿಂದಲೇ ಮೈದಾನದ ದನಿಯಲ್ಲಿ, "ಕೆಡೆಟ್!" ಎಂದ. ಆಗ ನಾನು ಮಾಡಿದ್ದು ಹೇಳಿದರೆ ನಂಬಲಿಕ್ಕಿಲ್ಲ. ಆ ದನಿ ಕೇಳಿದ್ದೇ ನನ್ನ ಹಿಮ್ಮಡಿಗಳು ಕೆಸರಿನೊಳಗೇ ಕೂಡಿಕೊಂಡವು, ಎದೆ ಸೆಟೆಯಿತು, ಕೈಗಳು ಬದಿಗೆ ಅಂಟಿದವು. ಹೂತುಹೋಗುತ್ತಿರುವ ಮನುಷ್ಯ ಪರೇಡಿನ 'ಸಾವಧಾನ್' ಭಂಗಿಯಲ್ಲಿ ನಿಂತಿದ್ದ. ಪಾಠ ಅಷ್ಟು ಚೆನ್ನಾಗಿ ಕಲಿಸಿದ್ದ ಮಾವ. ಸೊಂಟದವರೆಗೆ ಇಳಿದೆ.

"ಸೆಟೀಬ್ಯಾಡ, ಹಿಂದಕ್ಕ ಒರಗು," ಎಂದ. ಆಗಲಿಲ್ಲ. ಆ ದನಿಗೆ ಮಣಿದು ಒರಗುವುದನ್ನು ನನ್ನ ಮೈಗೆ ಯಾರೂ ಕಲಿಸಿರಲಿಲ್ಲ. ಅವನು ಒಂದೊಂದು ಮಾತು ಗದರಿದಾಗಲೂ ನಾನು ಮತ್ತಷ್ಟು ನೆಟ್ಟಗಾಗುತ್ತಿದ್ದೆ, ಮತ್ತಷ್ಟು ಕೆಳಗಿಳಿಯುತ್ತಿದ್ದೆ. ಮಣ್ಣು ಬೆಲ್ಟಿನ ಮೇಲೆ ಬಂತು.

ಮಾವ ಟೋಪಿ ತೆಗೆದು ಆಚೆ ಇಟ್ಟ. ಮತ್ತೆ ಮಾತಾಡಿದಾಗ ಅದು ಜೋಕಾಲಿಯ ಮೇಲಿನ ದನಿ.

"ಅಳಿಯಾ, ಇಲ್ಲಿ ನೋಡು. ಮಾಮಾ ಬಂದೀನಿ. ಹಾಸಿಗಿ ಮ್ಯಾಲ ಬಿದ್ದಂಗ ಹಿಂದಕ್ಕ ಬೀಳು. ಸಣ್ಣಾಂವ ಇದ್ದಾಗ ನನ್ನ ಮ್ಯಾಲ ಬೀಳ್ತಿದ್ದೆಲ್ಲ, ಹಂಗ."

ಬಿದ್ದೆ. ಮೈ ಸಡಿಲಾಯಿತು. ಇಳಿಯುವುದು ನಿಂತಿತು. ಕಣ್ಣು ಹೊರಳಿಸಿ ನೋಡಿದರೆ ಮಾವ ಮಲಗುತ್ತಿದ್ದ. ಆ ಗಂಜಿಯ ಅಂಗಿ, ಆ ಗೆರೆ, ಹಿತ್ತಾಳೆಯ ಗುಂಡಿಗಳು, ಎಲ್ಲ ಸಮೇತ ಕರಿ ಕೆಸರಿನ ಮೇಲೆ ಬೋರಲಾಗಿ, ಕೈಕಾಲು ಚಾಚಿ, ಹಲ್ಲಿಯ ಹಾಗೆ ನನ್ನತ್ತ ತೆವಳುತ್ತಿದ್ದ. ಹಿಂದೆ ರಫೀಕ ಅವನ ಎರಡೂ ಬೂಟುಗಳನ್ನು ತಬ್ಬಿ ಹಿಡಿದಿದ್ದ. ಮಾವನ ಕೈಗೆ ನನ್ನ ಕಾಲರ್ ಸಿಕ್ಕಿತು. ಆಮೇಲೆ ಎಷ್ಟು ಹೊತ್ತೋ ತಿಳಿಯದು. ನಾನು ಅವನ ಬೆನ್ನಿನ ಮೇಲೆ ಹತ್ತಿ, ಹೆಗಲ ಪಟ್ಟಿ ಹಿಡಿದು, ಇಡೀ ಮಾವನನ್ನು ಸೇತುವೆ ಮಾಡಿಕೊಂಡು ಗಟ್ಟಿ ನೆಲಕ್ಕೆ ಬಂದು ಬಿದ್ದೆ. ನನ್ನ ಎಡಗಾಲಿನ ಬೂಟು ಕೆರೆಯಲ್ಲೇ ಉಳಿಯಿತು.

ಬಸ್ಸಿನಲ್ಲಿ ಅವನು ನಿಂತೇ ಬಂದ. ಕಂಡಕ್ಟರ್ ಕುಳಿತುಕೊಳ್ಳಿ ಎನ್ನಲಿಲ್ಲ. ಅಂಥ ಕೆಸರಿನ ಮನುಷ್ಯನಿಗೆ ಯಾರು ಹೇಳುತ್ತಾರೆ? ಮಾವ ಸೀಟಿನ ಮೇಲೆ ಗೋಣಿಚೀಲ ಹಾಸಿ ನನ್ನನ್ನು ಕೂರಿಸಿದ್ದ. ಹಿಂದಿನಿಂದ ಕಾಲರ್ ಹಿಡಿದಿದ್ದ. ಬಬಲೇಶ್ವರ ಬಂತು, ಹೋಯಿತು. ಗುಮ್ಮಟ ಕಂಡಿತು. ಕೈ ಬಿಡಲಿಲ್ಲ.

ಮಾವನ ಮನೆಯ ಬಾಗಿಲಲ್ಲಿ ಅತ್ತಿ ನಿಂತಿದ್ದಳು. ಮಾವನ ಪ್ಯಾಂಟಿನೊಳಗೆ ಮೊಣಕಾಲುಗಳು ಮಡಚಿಕೊಂಡವು. ಸಮವಸ್ತ್ರದಲ್ಲೇ ಅವನು ಹೊಸ್ತಿಲ ಮೇಲೆ ಕುಸಿದು ಕುಳಿತ. ಕಾಲರ್ ಹಿಡಿದೇ ಇದ್ದದ್ದರಿಂದ ಅವನ ಜೊತೆ ನಾನೂ ಕುಳಿತೆ.

"ಅಂವನ್ನ ಬಿಡ್ರಿ ಇನ್ನ," ಎಂದಳು ಅತ್ತಿ ಮೆಲ್ಲಗೆ. "ಹುಡುಗ ಕೈಕಾಲು ತೊಳಕೊಳ್ಳಲಿ."

ಮಾವ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. ಬೆರಳು ಬಿಡಲಿಲ್ಲ. ನನ್ನ ಬರಿಗಾಲಿನ ಕಡೆ ನೋಡುತ್ತ ಹೇಳಿದ:

"ಹೆಂಗ ಒಯ್ತೀನೋ ಹಂಗ ತಂದು ಕೊಡ್ತೀನಿ ಅಂದಿದ್ದೆ ಅಕ್ಕಗ. ಒಂದು ಬೂಟು ಕಡಿಮಿ ಆತಲ್ಲೋ ಅಳಿಯಾ."